ಅಭಿಸರಣ ತ್ರಿಜ್ಯ ಸಿಕ್ಕ ಮೇಲೆ ಉಳಿಯುವ ಕೆಲಸ

ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಗಣಿತ ಕಲಿಸುತ್ತೇನೆ. ಘಾತ ಶ್ರೇಣಿ, ಅಂದರೆ ಎಕ್ಸ್‌ನ ಘಾತಗಳಿರುವ ಪದಗಳನ್ನು ಕೂಡುತ್ತಲೇ ಹೋಗುವ ಕೊನೆಯಿಲ್ಲದ ಮೊತ್ತ, ಎಕ್ಸ್‌ನ ಯಾವ ಬೆಲೆಗಳಿಗೆ ಅಭಿಸರಿಸುತ್ತದೆ (ಒಂದು ನಿಶ್ಚಿತ ಸಂಖ್ಯೆಯತ್ತ ಸಾಗುತ್ತದೆ) ಎಂದು ಕೇಳಿದರೆ ಬಹಳ ಮಂದಿ ಅಕ್ಕಪಕ್ಕದ ಪದಗಳನ್ನು ಹೋಲಿಸುವ ಅನುಪಾತ ಪರೀಕ್ಷೆ ಹಚ್ಚಿ, ತ್ರಿಜ್ಯ (ಸೊನ್ನೆಯಿಂದ ಎಷ್ಟು ದೂರದವರೆಗೆ ಅಭಿಸರಣ ಎಂಬ ಅಳತೆ) 1 ಎಂದು ಬರೆದು, ಕೆಳಗೆ ಗೆರೆ ಎಳೆದುಬಿಡುತ್ತಾರೆ. ನನಗೆ ಅತ್ಯಂತ ಇಷ್ಟವಾದ ಭಾಗ ಆ ಗೆರೆಯ ಕೆಳಗೇ ಉಳಿದುಹೋಗುತ್ತದೆ.

ಹಾಗಾಗಿ ಮೂರು ಶ್ರೇಣಿಗಳನ್ನು ಒಟ್ಟಿಗೇ ಬೋರ್ಡಿನ ಮೇಲೆ ಬರೆಯುತ್ತೇನೆ. ಮೊದಲನೆಯದರ ಎನ್‌ನೇ ಪದ ಎಕ್ಸ್‌ನ ಎನ್‌ನೇ ಘಾತ. ಎರಡನೆಯದರಲ್ಲಿ ಅದನ್ನೇ ಎನ್‌ನಿಂದ ಭಾಗಿಸಿರುತ್ತೇನೆ, ಮೂರನೆಯದರಲ್ಲಿ ಎನ್‌ನ ವರ್ಗದಿಂದ. ಮೂರಕ್ಕೂ ತ್ರಿಜ್ಯ 1. ಎಕ್ಸ್ ಬೆಲೆ ಮೈನಸ್ 1 ಮತ್ತು 1ರ ನಡುವೆ ಇದ್ದರೆ ಅಭಿಸರಣ, ಅದರಾಚೆ ಅಪಸರಣ, ಅಂದರೆ ಮೊತ್ತ ಯಾವ ಸಂಖ್ಯೆಯಲ್ಲೂ ನೆಲೆ ನಿಲ್ಲದು. ಎರಡು ತುದಿಗಳಲ್ಲಿ ಮಾತ್ರ ಅನುಪಾತದ ಮಿತಿ 1 ಬರುತ್ತದೆ, ಪರೀಕ್ಷೆ ಬಾಯಿ ಬಿಡುವುದಿಲ್ಲ. ಬೆಲೆ ಹಾಕಿಯೇ ನೋಡಬೇಕು.

ಮೊದಲನೆಯದು ಎರಡೂ ತುದಿಗಳಲ್ಲಿ ಅಪಸರಿಸುತ್ತದೆ, ಮೂರನೆಯದು ಎರಡರಲ್ಲೂ ಅಭಿಸರಿಸುತ್ತದೆ. ತರಗತಿ ತಡೆದು ನಿಲ್ಲುವುದು ಎರಡನೆಯದರ ಬಳಿ. ಮೈನಸ್ 1ರಲ್ಲಿ ಅದರ ಮೊತ್ತ ಸುಮಾರು ಮೈನಸ್ 0.693. ಆದರೆ 1ರಲ್ಲಿ 1 + 1/2 + 1/3 + 1/4 ಎಂದು ಸಾಗಿ ಎಲ್ಲಿಯೂ ನಿಲ್ಲುವುದಿಲ್ಲ. ಪದಗಳು ಸೊನ್ನೆಯತ್ತ ಇಳಿಯುತ್ತಿರುವಾಗ ಮೊತ್ತ ಬೆಳೆಯುವುದು ಹೇಗೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 14ನೇ ಶತಮಾನದ ಫ್ರೆಂಚ್ ವಿದ್ವಾಂಸ ನಿಕೋಲ್ ಒರೆಮ್ ಕೊಟ್ಟ ಉತ್ತರಕ್ಕಿಂತ ಚೆಂದದ್ದು ನನಗೆ ಗೊತ್ತಿಲ್ಲ: 1/3 ಮತ್ತು 1/4 ಸೇರಿದರೆ ಅರ್ಧಕ್ಕಿಂತ ಹೆಚ್ಚು, 1/5ರಿಂದ 1/8ರವರೆಗಿನ ನಾಲ್ಕೂ ಸೇರಿದರೆ ಮತ್ತೆ ಅರ್ಧಕ್ಕಿಂತ ಹೆಚ್ಚು, ಮುಂದಿನ ಎಂಟೂ ಹಾಗೆಯೇ. ಹೀಗೆ ಅರ್ಧಗಳು ಕೂಡುತ್ತಲೇ ಹೋಗುತ್ತವೆ.

ಟ್ಯಾನ್ ಬೆಲೆಯಿಂದ ಕೋನ ತೆಗೆಯುವ ಟ್ಯಾನ್ ವಿಲೋಮದ ಶ್ರೇಣಿಗೆ (ಎಕ್ಸ್, ಕಳೆ ಎಕ್ಸ್‌ನ ಘನದ 1/3, ಕೂಡು ಎಕ್ಸ್‌ನ ಐದನೇ ಘಾತದ 1/5, ಹೀಗೆ) ಬಂದಾಗ ಚಿತ್ತಾಪುರದಿಂದ ಬರುವ ವಿದ್ಯಾರ್ಥಿನಿಯೊಬ್ಬಳು, "ಸರ್, ಇದು 1ರಲ್ಲಿಯೂ ಅಭಿಸರಿಸುತ್ತದೆ ಎಂದ ಮೇಲೆ ಅಲ್ಲಿಯೇ ಪೈ ಬೆಲೆ ತೆಗೆಯಬಹುದಲ್ಲವೇ?" ಎಂದಳು. ಇಂಥ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು. ಎಲ್ಲರನ್ನೂ ಕಂಪ್ಯೂಟರ್ ಲ್ಯಾಬಿಗೆ ಕರೆದೊಯ್ದೆ. 1ರಲ್ಲಿ ಅದರ ಮೊತ್ತ ಪೈನ ಕಾಲು ಭಾಗ; 100 ಪದ ಕೂಡಿ ನಾಲ್ಕರಿಂದ ಗುಣಿಸಿದರೆ 3.1316 ಬಂತು, ಎರಡನೇ ದಶಮಾಂಶವೇ ತಪ್ಪು. ಬಳಿಕ ಸಂಗಮಗ್ರಾಮದ ಮಾಧವನ ಪರಂಪರೆಯ ಕೇರಳ ಗಣಿತಜ್ಞರ ದಾರಿ ಹಿಡಿದೆವು. ಎಕ್ಸ್ ಬೆಲೆಯಾಗಿ 3ರ ವರ್ಗಮೂಲದಿಂದ ಭಾಗಿಸಿದ 1 ಹಾಕಿ, ಅಲ್ಲಿ ಮೊತ್ತ ಪೈನ ಆರನೇ ಒಂದು ಭಾಗವಾದ್ದರಿಂದ ಆರರಿಂದ ಗುಣಿಸಿದೆವು. ಹತ್ತೇ ಪದಗಳಲ್ಲಿ 3.14159. ಇಲ್ಲಿ ಪ್ರತಿ ಪದವೂ ಹಿಂದಿನದರ ಮೂರನೇ ಒಂದು ಭಾಗಕ್ಕಿಂತ ಚಿಕ್ಕದು. 1ರಲ್ಲಾದರೋ ನೂರನೆಯ ಪದ 1/199, ಅದರ ಹಿಂದಿನದು 1/197.