ಮಿಠಾಯಿಗೆ ಬೇಡ, ಮಾತ್ರೆಗೆ ಇರಲಿ

ಮಾತ್ರೆ ತಗೊಂಡರೆ ಅದರಲ್ಲಿ ಏನೇನಿದೆ ಅನ್ನುವ ಪಟ್ಟಿ ಓದುವುದು ನನ್ನ ಅಭ್ಯಾಸ. ತುಂಬಾ ಸಲ ಸಣ್ಣ ಅಕ್ಷರದಲ್ಲಿ ಟೈಟಾನಿಯಂ ಡೈಆಕ್ಸೈಡ್ ಅಂತ ಇರುತ್ತದೆ. ಮಾತ್ರೆಗೆ ಹಾಲಿನಂಥ ಬಿಳಿ ಬಣ್ಣ ಕೊಡುವ ಪುಡಿ ಅದು. ಚೂಯಿಂಗ್ ಗಮ್ಮಿಗೆ, ಮಿಠಾಯಿಯ ಹೊರಪದರಕ್ಕೆ ಇ171 ಅನ್ನುವ ಹೆಸರಲ್ಲಿ ಹಾಕುತ್ತಿದ್ದದ್ದೂ ಇದನ್ನೇ. ಐರೋಪ್ಯ ಒಕ್ಕೂಟ 2022ರಲ್ಲಿ ಆಹಾರದಲ್ಲಿ ಇದನ್ನು ನಿಷೇಧಿಸಿತು. ಮಾತ್ರೆಯಲ್ಲಿ ಸದ್ಯಕ್ಕೆ ಇರಲಿ ಅಂತ ಬಿಟ್ಟಿತು.

ಅದೇ ಪುಡಿ, ಹೋಗುವುದೂ ಅದೇ ಹೊಟ್ಟೆಗೆ. ಇದೆಂಥ ನ್ಯಾಯ ಅನ್ನಿಸುತ್ತದೆ ಅಲ್ವಾ?

2021ರಲ್ಲಿ ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆಯ ವಿಜ್ಞಾನಿಗಳು ಇದರಿಂದ ಕಾಯಿಲೆ ಬರುತ್ತದೆ ಅಂತ ಹೇಳಲಿಲ್ಲ. ಡಿಎನ್‌ಎಗೆ ಹಾನಿ ಆಗಬಹುದು ಅನ್ನುವ ಅನುಮಾನವನ್ನು ತಳ್ಳಿಹಾಕಲು ಆಗುತ್ತಿಲ್ಲ, ಹಾಗಾಗಿ ಇಷ್ಟರವರೆಗೆ ತಿನ್ನಬಹುದು ಅಂತ ಒಂದು ಮಿತಿ ಹಾಕಲು ಬರುವುದಿಲ್ಲ ಅಂದರು. ಮರುವರ್ಷ ಕೆನಡಾದ ಆರೋಗ್ಯ ಇಲಾಖೆ ಇದನ್ನೇ ಪರಿಶೀಲಿಸಿ, ಹಾನಿ ಇದೆ ಅನ್ನಲು ಖಚಿತ ಪುರಾವೆ ಇಲ್ಲ ಅಂದಿತು. ವಿಜ್ಞಾನಿಗಳ ಕೆಲಸ ಇಲ್ಲಿಗೆ ಮುಗಿಯಿತು. ಮುಂದಿನದು ಅನುಮತಿ ಕೊಡುವವರ ತಲೆನೋವು. ಮಿಠಾಯಿ ಬೆಳ್ಳಗಿಲ್ಲದಿದ್ದರೆ ಯಾರಿಗೂ ಏನೂ ಆಗುವುದಿಲ್ಲ, ಆದರೆ ಸಾವಿರಾರು ಔಷಧಿಗಳ ಹೊದಿಕೆಯನ್ನು ಒಂದೇ ಸಲ ಬದಲಿಸಿ ಅಂದರೆ ಎಷ್ಟೋ ಔಷಧಿ ಅಂಗಡಿಯಲ್ಲಿ ಸಿಗದೇ ಹೋಗಬಹುದು. ಆ ಲೆಕ್ಕ ಹಾಕಿ ತೀರ್ಮಾನಿಸಿದರು. ನನಗೆ ಇದು ಸರಿ ಅನ್ನಿಸುತ್ತದೆ, ಯಾಕೆಂದರೆ ಕಾರಣವನ್ನು ಬಾಯಿಬಿಟ್ಟು ಹೇಳಿದ್ದಾರೆ.

ಮಿತಿ ಹಾಕುವುದರಲ್ಲೂ ಬರೀ ಪ್ರಯೋಗಾಲಯದ ಅಂಕಿ ಇರುವುದಿಲ್ಲ. ಸಿಹಿಗೆ ಬಳಸುವ ಆಸ್ಪರ್ಟೇಮ್ ನೋಡಿ. ಇಲಿಗಳಿಗೆ ದಿನಕ್ಕೆ, ದೇಹತೂಕದ ಪ್ರತಿ ಕಿಲೋಗೆ 4000 ಮಿಲಿಗ್ರಾಂ ಕೊಟ್ಟರೂ ತೊಂದರೆ ಕಾಣಲಿಲ್ಲ. ಇಲಿ ಬೇರೆ, ಮನುಷ್ಯ ಬೇರೆ ಅಂತ ಅದನ್ನು 10ರಿಂದ ಭಾಗಿಸಿದರು. ಒಬ್ಬ ಮನುಷ್ಯನ ಮೈ ಇನ್ನೊಬ್ಬನ ಹಾಗಿರುವುದಿಲ್ಲ ಅಂತ ಮತ್ತೆ 10ರಿಂದ. ಉಳಿದದ್ದು 40. ಆ ಎರಡು ಹತ್ತುಗಳು ಅಳೆದು ತೆಗೆದವಲ್ಲ, ಎಚ್ಚರಿಕೆಗೆ ಇಟ್ಟುಕೊಂಡ ರೂಢಿ. 2023ರ ಜುಲೈನಲ್ಲಿ ಒಂದು ಅಂತರರಾಷ್ಟ್ರೀಯ ಸಂಸ್ಥೆ ಇದು ಕ್ಯಾನ್ಸರ್ ತರಬಹುದೇನೋ ಅಂದಿತು. ಅದೇ ದಿನ ಇನ್ನೊಂದು ತಜ್ಞರ ಸಮಿತಿ 40ರ ಮಿತಿಯೇ ಇರಲಿ ಅಂದಿತು. ಜನ ಗಾಬರಿಯಾದರು. ಒಬ್ಬರು ನೋಡಿದ್ದು ಇದಕ್ಕೆ ಹಾನಿ ಮಾಡುವ ಗುಣ ಇದೆಯಾ ಅಂತ, ಇನ್ನೊಬ್ಬರು ನೋಡಿದ್ದು ನಾವು ತಿನ್ನುವಷ್ಟಕ್ಕೆ ಹಾನಿ ಆಗುತ್ತದಾ ಅಂತ. ಇದನ್ನು ಬಿಡಿಸಿ ಹೇಳುವವರು ಕಡಿಮೆ.

ನನಗೆ ನಿಜಕ್ಕೂ ಸಿಟ್ಟು ಬರುವುದು, ಅನುಮತಿ ಕೊಡುವವರು ಸುಮ್ನೆ 'ವಿಜ್ಞಾನಿಗಳು ಒಪ್ಪಿದ್ದಾರೆ, ನಾವು ಅನುಮತಿ ಕೊಟ್ಟೆವು' ಅಂತ ಕೈತೊಳೆದುಕೊಂಡಾಗ. ವಿಜ್ಞಾನಿಗಳ ವರದಿಗೆ ಬೇಕಾದ ಪ್ರಯೋಗಗಳನ್ನು ಜಾಸ್ತಿ ಮಾಡಿಸುವುದು ಅರ್ಜಿ ಹಾಕಿದ ಕಂಪನಿಯೇ. ಅದರಲ್ಲಿ ಯಾವುದು ಬಿಟ್ಟುಹೋಗಿದೆ ಅಂತ ಹುಡುಕುವವರು ಬೇಕು.

1960ರಲ್ಲಿ, ಔಷಧಿಗಳಿಗೆ ಅನುಮತಿ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎಯಲ್ಲಿ ಫ್ರಾನ್ಸಿಸ್ ಕೆಲ್ಸಿ ಅನ್ನುವ ವೈದ್ಯೆ ಆಗಷ್ಟೇ ಕೆಲಸಕ್ಕೆ ಸೇರಿದ್ದರು. ಥಾಲಿಡೊಮೈಡ್ ಅನ್ನುವ ನಿದ್ದೆ ಮಾತ್ರೆಯ ಅರ್ಜಿ ಅವರ ಮೇಜಿಗೆ ಬಂತು; ಗರ್ಭದಲ್ಲಿರುವ ಮಕ್ಕಳ ಕೈಕಾಲು ಊನ ಮಾಡುತ್ತದೆ ಅಂತ ಆಮೇಲೆ ಗೊತ್ತಾದದ್ದು ಇದೇ. ಯುರೋಪಿನಲ್ಲಿ ಆಗಲೇ ಮಾರಾಟದಲ್ಲಿದ್ದ ಔಷಧಿ, ಬೇಗ ಮುಗಿಸಿ ಅಂತ ಕಂಪನಿಯ ಒತ್ತಡ. ಇದನ್ನು ತಗೊಂಡವರಿಗೆ ಕೈಕಾಲು ಜೋಮು ಹಿಡಿಯುತ್ತಿದೆ ಅನ್ನುವ ಪತ್ರವೊಂದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಓದಿದ ಅವರು, ಹಾಗಾದರೆ ಗರ್ಭಿಣಿ ತಗೊಂಡರೆ ಮಗುವಿಗೆ ಏನಾಗುತ್ತದೆ ಅಂತ ಕೇಳಿದರು. ಹಾನಿ ಆಗುತ್ತದೆ ಅನ್ನಲು ಆಗ ಅವರ ಹತ್ತಿರ ಪುರಾವೆ ಇರಲಿಲ್ಲ. ಆಗುವುದಿಲ್ಲ ಅನ್ನಲು ಕಂಪನಿಯ ಹತ್ತಿರವೂ ಇರಲಿಲ್ಲ. ಅವರು ಸಹಿ ಹಾಕಲಿಲ್ಲ.