ಕಾಡು ಕಾಯುವವರೇ ಕಾಡಿಗೆ ಬೆಂಕಿ ಹಚ್ಚುವುದೇಕೆ?

ಜನವರಿಯಲ್ಲಿ ಬಂಡೀಪುರದ ಮೇಲೆ ಊಟಿಗೆ ಹೋಗುವವರು ಕಾರಿನ ಗಾಜಿಳಿಸಿ ಇದನ್ನು ಕೇಳುತ್ತಾರೆ. ರಸ್ತೆಯ ಎರಡೂ ಬದಿ ಕರಕಲಾಗಿರುತ್ತದೆ, ಪಕ್ಕದಲ್ಲಿ ಖಾಕಿ ತೊಟ್ಟ ನಾವು ಹಸಿ ಸೊಪ್ಪಿನ ಕೊಂಬೆ ಹಿಡಿದು ನಿಂತಿರುತ್ತೇವೆ. ಊರಿಗೆ ಹೋದರೆ ನಮ್ಮ ಅತ್ತೆಯೂ ಅದನ್ನೇ ಕೇಳುತ್ತಾರೆ. ಗಸ್ತು ಅರಣ್ಯ ಪಾಲಕನಾದ ನನ್ನ ಉತ್ತರ ಇದು.

ಮಾರ್ಚ್‌ನಲ್ಲಿ ಬರುವ ಬೆಂಕಿಗೆ ತಿನ್ನಲು ಏನೂ ಸಿಗಬಾರದೆಂದು ಮೊದಲೇ ಒಂದು ಪಟ್ಟೆಯನ್ನು ಸುಟ್ಟಿಡುತ್ತೇವೆ. ಅದೇ ಬೆಂಕಿ ರೇಖೆ. ಬಂಡೀಪುರದ್ದು ಎಲೆ ಉದುರುವ ಕಾಡು. ಶಿವರಾತ್ರಿಯ ಹೊತ್ತಿಗೆ ತೇಗ, ದಿಂಡಿಗ, ಮತ್ತಿ ಬೋಳಾಗಿ, ನೆಲದ ತುಂಬ ತರಗು ಬಿದ್ದಿರುತ್ತದೆ. ಆಳೆತ್ತರ ಬೆಳೆಯುವ ಲಂಟಾನ ಎಂಬ ಕಳೆ ಪೊದೆ ಆ ನೆಲದ ಬೆಂಕಿಯನ್ನು ಕೊಂಬೆಗೆ ಹತ್ತಿಸುತ್ತದೆ.

ಹಚ್ಚುವುದಕ್ಕೂ ಹೊತ್ತು ಗೊತ್ತಿದೆ. ಮಂಜು ಕುಡಿದ ಹುಲ್ಲು ಹೊತ್ತುವುದಿಲ್ಲ, ನಡುಹಗಲಿನ ಹುಲ್ಲಿಗೆ ಹಚ್ಚಿದ ಬೆಂಕಿ ಕೈಗೆ ಸಿಗುವುದಿಲ್ಲ. ಒಂದು ಎಸಳನ್ನು ಮಡಚಿ ನೋಡುತ್ತೇವೆ: ಬಾಗಿದರೆ ಇನ್ನಷ್ಟು ಕಾಯಬೇಕು, ಲಟಕ್ಕನೆ ಮುರಿದರೆ ಕಡ್ಡಿ ಗೀರಬಹುದು. ಗಾಳಿಗೆ ಎದುರಾಗಿ ಕೊಟ್ಟ ಬೆಂಕಿ ತೆವಳುತ್ತದೆ, ಗಾಳಿಯ ಜೊತೆ ಬಿಟ್ಟರೆ ಓಡುತ್ತದೆ.

ನನಗೆ ಭಯವಿರುವುದು ಜ್ವಾಲೆಯ ಬಗ್ಗೆ ಅಲ್ಲ, ಒಣಗಿದ ಆನೆ ಲದ್ದಿಯ ಬಗ್ಗೆ. ಮೇಲೆ ತಣ್ಣನೆಯ ಬೂದಿ ಕಾಣುತ್ತದೆ. ಕೋಲಿನಿಂದ ಬಿಡಿಸಿದರೆ ಒಳಗಿನ ನಾರು ಕೆಂಪಗೆ ಉಸಿರಾಡುತ್ತಿರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಆರಿದೆ ಎಂದುಕೊಂಡು ನಾನು ಬಿಟ್ಟುಬಂದ ಒಂದು ಲದ್ದಿಯ ಕಿಡಿ ಮರುದಿನ ಮಧ್ಯಾಹ್ನದ ಗಾಳಿಗೆ ರೇಖೆಯ ಆಚೆ ಹಾರಿತು. ನಾಲ್ಕು ಜನ ಮೂರು ಗಂಟೆ ಸೊಪ್ಪಿನಿಂದ ಬಡಿದು ಆರಿಸಿದೆವು. ಈಗ ಒಂದೊಂದು ಲದ್ದಿಯನ್ನೂ ಒಡೆದು, ಅಂಗೈಯ ಹಿಂಬದಿಯನ್ನು ಸಮೀಪ ಹಿಡಿದು ಕಾವು ನೋಡದೆ ನಾನು ಜಾಗ ಬಿಡುವುದಿಲ್ಲ.

2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಳ್ಗಿಚ್ಚು ಒಬ್ಬ ಅರಣ್ಯ ರಕ್ಷಕರನ್ನು ಬಲಿ ತೆಗೆದುಕೊಂಡಿತು. 2019ರ ಫೆಬ್ರುವರಿಯಲ್ಲಿ 4 ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತು. ಉಪಗ್ರಹ ಕಂಡ ಬೆಂಕಿಯ ಸುದ್ದಿ ಈಗ ಮೊಬೈಲ್‌ಗೇ ಬರುತ್ತದೆ, ಒಳ್ಳೆಯದೇ. ಆದರೆ ಅಲ್ಲಿಗೆ ನಡೆದು ಹೋಗಿ ಆರಿಸುವವರು ಹೆಚ್ಚಾಗಿ ಹಾಡಿ, ಪೋಡು ಎಂಬ ಆದಿವಾಸಿ ಊರುಗಳಿಂದ ಬಂದ, ಬೇಸಿಗೆ ಮುಗಿದರೆ ಕೆಲಸವೂ ಮುಗಿಯುವ ಬೆಂಕಿ ಕಾವಲುಗಾರರು. ಅವರಿಗೆ ವರ್ಷವಿಡೀ ಕೆಲಸ ಕೊಡಬೇಕು ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಅವರಿಂದಲೇ ಕಲಿತದ್ದೊಂದಿದೆ. ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರು ಹಿಂದೆ ತಾವೇ ಕಾಡಿಗೆ ಬೆಂಕಿ ಕೊಡುತ್ತಿದ್ದರು. ಅದರ ಹೆಸರು ತರಗು ಬೆಂಕಿ. ಬೇಸಿಗೆ ಬಲಿಯುವ ಮೊದಲೇ ಹಚ್ಚುತ್ತಿದ್ದುದರಿಂದ ಅದು ತರಗನ್ನಷ್ಟೇ ತಿಂದು ಹೋಗುತ್ತಿತ್ತು, ಮರ ಉಳಿಯುತ್ತಿತ್ತು. 1974ರಲ್ಲಿ ಆ ಬೆಟ್ಟ ವನ್ಯಧಾಮವಾದ ಮೇಲೆ ಆ ರೂಢಿ ನಿಂತಿತು. ಲಂಟಾನ ಹಬ್ಬಿದ್ದೂ, ನೆಲ್ಲಿ ಮರದ ರಸ ಹೀರುವ ಉಪ್ಪಿಲು ಎಂಬ ಬದನಿಕೆ ಹೆಚ್ಚಿದ್ದೂ ಬೆಂಕಿ ನಿಂತದ್ದರಿಂದಲೇ ಎನ್ನುತ್ತಾರೆ ಸೋಲಿಗರು. ಸಂಶೋಧಕರೂ ಈಚೆಗೆ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಲಂಟಾನ ಇಷ್ಟು ದಟ್ಟವಾಗಿರುವಾಗ ಏಕಾಏಕಿ ತರಗು ಬೆಂಕಿ ಕೊಟ್ಟರೆ ಅನಾಹುತವೇ. ಮೊದಲು ಅದನ್ನು ಬೇರುಸಹಿತ ಕೀಳಬೇಕು. ಕಿತ್ತ ಜಾಗದಲ್ಲಾದರೂ, ಇಲಾಖೆಯ ಕಣ್ಣೆದುರೇ, ಸೋಲಿಗ ಹಿರಿಯರ ಕೈಯಿಂದ ಒಂದು ಪುಟ್ಟ ತರಗು ಬೆಂಕಿ ಕೊಡಿಸಿ ನೋಡಬೇಕೆಂಬುದು ನನ್ನ ಆಸೆ. ಆ ದಿನ ಸೊಪ್ಪಿನ ಕೊಂಬೆ ಹಿಡಿದು ನಿಲ್ಲಲು ನಾನು ಬರುತ್ತೇನೆ.