ಎಲೆ ಹಳದಿಯಾದಾಗ ಗೊಬ್ಬರದ ಚೀಲಕ್ಕೆ ಕೈ ಹಾಕುವ ಮೊದಲು

ಮುಂಬೈ, ಪುಣೆಯ ಬಾಲ್ಕನಿ ತೋಟಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ದಿನಾ ಕೇಳಿಬರುವ ಪ್ರಶ್ನೆ ಒಂದೇ: “ಎಲೆ ಹಳದಿ ಆಗಿದೆ, ಯಾವ ಗೊಬ್ಬರ ಹಾಕೋಣ?” ಸಾವಯವ ಕುಂಡದ ಮಟ್ಟಿಗೆ ಹೆಚ್ಚಿನ ಸಲ ಉತ್ತರ “ಯಾವುದೂ ಬೇಡ” ಎಂದೇ. ಎರೆಗೊಬ್ಬರ, ಬೇವಿನ ಹಿಂಡಿ, ಮೂಳೆ ಪುಡಿ ಆಗಲೇ ಬೇಕಾದಷ್ಟು ಬಿದ್ದಿರುತ್ತವೆ. ಗಿಡದ ಮುಂದೆ ಊಟ ಇದೆ, ಬಾಯಿ ಕಟ್ಟಿದೆ. ಕಟ್ಟಿದ್ದು ನೀರೋ, ಸುಣ್ಣವೋ, ಉಪ್ಪೋ, ಕೊಳೆತ ಬೇರೋ ಎಂದು ಮೊದಲು ಪತ್ತೆ ಮಾಡಬೇಕು.

ಬಣ್ಣಕ್ಕಿಂತ ಮುಂಚೆ ಜಾಗ ನೋಡಿ. ಸಾರಜನಕ, ಪೊಟ್ಯಾಶ್, ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಹಳೆ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ. ಹಾಗಾಗಿ ಕೆಳಗಿನ ಎಲೆ ಮೊದಲು ಕೆಡುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಒಮ್ಮೆ ಎಲೆಗೆ ಸೇರಿದರೆ ಅಲ್ಲಿಂದ ಕದಲುವುದಿಲ್ಲ. ಅವುಗಳ ಕೊರತೆ ಚಿಗುರಿನಲ್ಲೇ ಕಾಣುತ್ತದೆ. ಕೆಳಗಿನ ಎಲೆ ಇಡಿಯಾಗಿ ಹಳದಿ ಎಂದರೆ ಸಾರಜನಕ. ಕೆಳಗಿನ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಎಂದರೆ ಮೆಗ್ನೀಸಿಯಂ. ಅದೇ ಚಿತ್ರ ಚಿಗುರಿನಲ್ಲಿದ್ದರೆ ಕಬ್ಬಿಣ. ಬೆಂಡೆಯಲ್ಲಿ ಮಾತ್ರ ಇದರ ತದ್ವಿರುದ್ಧ, ಅಂದರೆ ನರವೇ ಹಳದಿಯಾಗಿ ನಡುವೆ ಹಸಿರು ಉಳಿದಿದ್ದರೆ, ಅದು ಬಿಳಿನೊಣ ತಂದ ನಂಜು ರೋಗ. ಅದಕ್ಕೆ ಗೊಬ್ಬರ ಇಲ್ಲ, ಗಿಡ ಕಿತ್ತು ಬಿಸಾಡಬೇಕು. ಎಲೆ ತುಂಬಾ ಸೂಜಿಮೊನೆಯಷ್ಟು ಚುಕ್ಕಿಗಳಿದ್ದರೆ ಅಡಿಯಲ್ಲಿ ಬಿಳಿ ಕಾಗದ ಹಿಡಿದು ಎಲೆ ತಟ್ಟಿ. ಬಿದ್ದ ಚುಕ್ಕಿ ಹರಿದಾಡಿದರೆ ನುಸಿ.

ಆಮೇಲೆ ಬೇರು. ಚಿಕ್ಕ ಕುಂಡವಾದರೆ ಕಾಂಡವನ್ನು ಬೆರಳ ಸಂದಿಯಲ್ಲಿ ಹಿಡಿದು ಬೋರಲು ಹಾಕಿ, ಮಣ್ಣಿನ ಗಡ್ಡೆ ಇಡಿಯಾಗಿ ಹೊರಬರುತ್ತದೆ. ದೊಡ್ಡದಾದರೆ ಅಂಚಿನಲ್ಲಿ ನಾಲ್ಕಿಂಚು ಕೆದಕಿ. ಒಳ್ಳೆಯ ಬೇರು ಬಿಳಿ ಅಥವಾ ಕೆನೆ ಬಣ್ಣ, ಹಿಡಿದರೆ ಗಟ್ಟಿ. ಕೊಳೆತದ್ದನ್ನು ಎಳೆದರೆ ಸಿಪ್ಪೆ ಕೈಗೆ ಬಂದು ಒಳಗೆ ದಾರದಂಥ ಎಳೆ ಉಳಿಯುತ್ತದೆ, ಚರಂಡಿ ವಾಸನೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ, ಗೋವಾದಲ್ಲಿ ಹಳದಿ ಎಲೆಗೆ ದೊಡ್ಡ ಕಾರಣ ಇದೇ. ನೀರು ನಿಂತ ಮಣ್ಣಿನಲ್ಲಿ ಗಾಳಿ ಇಲ್ಲ, ಗೊಬ್ಬರ ಕರಗಿಸುವ ಸೂಕ್ಷ್ಮಜೀವಿಗಳಿಗೂ ಉಸಿರಿಲ್ಲ. ಕರಗಿದ್ದ ಸಾರಜನಕವೂ ಮಳೆಯ ಜೊತೆ ತೂತಿನಿಂದ ಹರಿದುಹೋಗುತ್ತದೆ. ತಟ್ಟೆ ತೆಗೆದು ಕುಂಡವನ್ನು ಎರಡು ಇಟ್ಟಿಗೆ ಮೇಲೆ ಇಡಿ. ತುಳಸಿಗೆ ಬೆಳಿಗ್ಗೆ ನೀರೆರೆಯುವ ಪದ್ಧತಿ ಬಿಡಬೇಕಿಲ್ಲ, ಮಳೆಗಾಲದಲ್ಲಿ ಚೊಂಬಿನ ಬದಲು ಒಂದು ಉದ್ಧರಣೆ ಸಾಕು. ಹೊಸ ಬಿಳಿ ಬೇರು ಕಂಡ ಮೇಲೆ 12 ಇಂಚಿನ ಕುಂಡಕ್ಕೆ 50 ಗ್ರಾಂ ಬೇವಿನ ಹಿಂಡಿ, ಎರಡು ಹಿಡಿ ಎರೆಗೊಬ್ಬರ ಕೊಡಬಹುದು, ಅದಕ್ಕೆ ಮೊದಲು ಬೇಡ.

ಪುಣೆಯ ತೊಂದರೆ ಬೇರೆ, ಅದಕ್ಕೆ ಕೇಪಳ (ಇಕ್ಸೋರಾ) ಒಳ್ಳೆಯ ಉದಾಹರಣೆ. ಕರಾವಳಿ, ಗೋವಾದ ಮುರಕಲ್ಲಿನ ಹುಳಿ ಮಣ್ಣಿನಲ್ಲಿ ಕೇಪಳಕ್ಕೆ ಯಾರೂ ಏನೂ ಹಾಕುವುದಿಲ್ಲ, ಆದರೂ ಮೈತುಂಬ ಹೂವು. ಊರಿನ ಅದೇ ಗಿಡ ಪುಣೆಯಲ್ಲಿ ಕಪ್ಪು ಮಣ್ಣು ತುಂಬಿದ ಕುಂಡಕ್ಕೆ ಬಂದರೆ ಆರು ತಿಂಗಳಲ್ಲಿ ಚಿಗುರು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ, ನರ ಮಾತ್ರ ಹಸಿರು ಗೆರೆಯಾಗಿ ಉಳಿಯುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲದೆ ಅಲ್ಲ. ಕಪ್ಪು ಮಣ್ಣಿನ ಸುಣ್ಣ ಪಿಎಚ್ ಅನ್ನು, ಅಂದರೆ ಹುಳಿ-ಕ್ಷಾರದ ಅಳತೆಯನ್ನು, 7ರ ಮೇಲೆ ಏರಿಸಿ ಕಬ್ಬಿಣವನ್ನು ಕರಗದಂತೆ ಮಾಡುತ್ತದೆ. ಬೋರ್‌ವೆಲ್ ಅಥವಾ ಟ್ಯಾಂಕರಿನ ಗಡಸು ನೀರು ಹಾಕಿದಷ್ಟೂ ಸುಣ್ಣ ಕೂಡುತ್ತಲೇ ಹೋಗುತ್ತದೆ. ಕರಿಬೇವು, ದಾಸವಾಳದಲ್ಲೂ ಹೀಗೇ. ಒಣ ಮಣ್ಣು ಒಂದು ಚಮಚ ತೆಗೆದು ಬಿಳಿ ವಿನೆಗರ್ ನಾಲ್ಕು ಹನಿ ಹಾಕಿ. ಬುರುಬುರು ನೊರೆ ಬಂದರೆ ಸುಣ್ಣ ಇದೆ.

ಇಂಥ ಕುಂಡಕ್ಕೆ ಮೊಟ್ಟೆ ಚಿಪ್ಪು, ಬೂದಿ ಹಾಕುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಮೂಳೆ ಪುಡಿ ಹುಳಿ ಮಣ್ಣಿನಲ್ಲಿ ಮಾತ್ರ ಕರಗುವಂಥದ್ದು, ಇಲ್ಲಿ ಅದು ದಂಡ. ತುರ್ತಿಗೆ ಅನ್ನಭೇದಿ (ಫೆರಸ್ ಸಲ್ಫೇಟ್) 3 ಗ್ರಾಂ, ಅರ್ಧ ನಿಂಬೆಹಣ್ಣಿನ ರಸ ಒಂದು ಲೀಟರ್ ನೀರಿಗೆ ಹಾಕಿ ಸಂಜೆ ಎಲೆಯ ಎರಡೂ ಬದಿಗೆ ಸಿಂಪಡಿಸಿ. ಕೆಳಗೆ ಹಳೆ ಪೇಪರ್ ಹಾಸಿ, ಬಿಳಿ ಟೈಲ್ಸ್‌ಗೆ ಬಿದ್ದ ತುಕ್ಕಿನ ಕಲೆ ಹೋಗುವುದಿಲ್ಲ. ಸಾವಯವ ಪ್ರಮಾಣಪತ್ರ ಇರುವ ನರ್ಸರಿಯಾದರೆ ಇದಕ್ಕೂ ಮೊದಲು ಅನುಮತಿ ಕೇಳಬೇಕು. ಸಿಂಪಡಣೆ ಬರೀ ಮೇಲುಪಚಾರ. ನಿಜವಾದ ಪರಿಹಾರ ಮಣ್ಣು ಬದಲಿಸುವುದು: ಹಳೆ ಮಣ್ಣು ಅರ್ಧದಷ್ಟು ಉದುರಿಸಿ, ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಾಂಪೋಸ್ಟ್, ಒಂದು ಪಾಲು ತೊಳೆದ ಕೊಕೊಪೀಟ್. ನೀರಿಗೆ ಮಳೆನೀರು ಅಥವಾ ಎಸಿಯಿಂದ ತೊಟ್ಟಿಕ್ಕುವ ನೀರು ಬೆರೆಸಿ. ಆರ್‌ಒ ಯಂತ್ರದ ತ್ಯಾಜ್ಯ ನೀರು ಖಂಡಿತ ಬೇಡ, ಅದರಲ್ಲಿ ಗಡಸು ಇನ್ನೂ ಹೆಚ್ಚು.

ಮುಂಬೈಯಲ್ಲಿ ಹೆಚ್ಚು ಮೋಸ ಮಾಡುವುದು ಉಪ್ಪು. 2016ರ ಘನತ್ಯಾಜ್ಯ ನಿಯಮಗಳ ನಂತರ ದೊಡ್ಡ ಸೊಸೈಟಿಗಳಲ್ಲಿ ಹಸಿ ಕಸದಿಂದ ಗೊಬ್ಬರ ತಯಾರಾಗುತ್ತಿದೆ, ಬಹಳ ಒಳ್ಳೆಯ ಕೆಲಸ. ಆದರೆ ಉಳಿದ ಸಾಂಬಾರು, ಉಪ್ಪಿನಕಾಯಿ, ಚಿವಡಾ ಎಲ್ಲ ಅದೇ ಡಬ್ಬಿಗೆ ಬೀಳುತ್ತವೆ. ಆ ಗೊಬ್ಬರ ಅರ್ಧ ಕುಂಡ ತುಂಬಿದರೆ ಕೆಳಗಿನ ಎಲೆಗಳ ತುದಿ, ಅಂಚು ಸುಟ್ಟಂತೆ ಕಂದಾಗುತ್ತವೆ. ಪೊಟ್ಯಾಶ್ ಕೊರತೆಯೂ ನೋಡಲು ಹೀಗೇ ಇರುವುದರಿಂದ ಬಾಳೆಸಿಪ್ಪೆ ನೀರು, ಬೂದಿ ಶುರುವಾಗುತ್ತವೆ. ಉಪ್ಪು ಇನ್ನೂ ಏರುತ್ತದೆ. ಜೊತೆಗೆ ಪೊಟ್ಯಾಶ್ ಅತಿಯಾಗಿ ಮೆಗ್ನೀಸಿಯಂ ಒಳಹೋಗದಂತೆ ತಡೆದು, ಇಲ್ಲದಿದ್ದ ಹೊಸ ಕೊರತೆಯೊಂದು ಹುಟ್ಟಿಕೊಳ್ಳುತ್ತದೆ.

ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯೇ ನೋಡಿ. ಅನುಮಾನ ಇದ್ದರೆ ನೀರು ನೀಡಿ ಒಂದು ಗಂಟೆ ಬಿಡಿ. ನಂತರ ಕೆಳಗೆ ಖಾಲಿ ತಟ್ಟೆ ಇಟ್ಟು, ಎಸಿ ನೀರನ್ನು ಮೇಲೆಲ್ಲ ಹರಡುವಂತೆ ಸುರಿಯಿರಿ: 6 ಇಂಚಿನ ಕುಂಡಕ್ಕೆ 100 ಮಿಲಿ, 12 ಇಂಚಿನದಕ್ಕೆ 350 ಮಿಲಿ. ಮೊದಲು ಇಳಿದ 50 ಮಿಲಿಯಲ್ಲಿ, ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ. ಅಂಕಿ 500ರಿಂದ 1250 ಪಿಪಿಎಂ ಒಳಗಿದ್ದರೆ ಸಾಮಾನ್ಯ ಗಿಡಕ್ಕೆ ಸರಿ. 2000 ದಾಟಿದರೆ ಉಪ್ಪೇ. ದಿನಾ ಹಾಕುವ ನೀರನ್ನೂ ಅಳೆಯಿರಿ. ಟ್ಯಾಂಕರ್ ನೀರೇ 800 ತೋರಿಸಿದರೆ ಕುಂಡದ 1000ದಲ್ಲಿ ಊಟ ಸ್ವಲ್ಪವೇ. ಇನ್ನೂ ಕರಗದ ಹಿಂಡಿ ಮೀಟರಿಗೆ ಕಾಣದು, ಹಾಗಾಗಿ ಕಡಿಮೆ ಅಂಕಿ ಬಂತೆಂದು ಮತ್ತೆ ಹಿಂಡಿ ಸುರಿಯಬಾರದು. ಉಪ್ಪು ಖಚಿತವಾದರೆ ಕುಂಡದ ಎರಡರಷ್ಟು ನೀರನ್ನು, ಅಂದರೆ 12 ಇಂಚಿನದಕ್ಕೆ ಸುಮಾರು 25 ಲೀಟರ್, ಅರ್ಧ ಗಂಟೆ ನಿಧಾನಕ್ಕೆ ಹಾಯಿಸಿ ಪೂರ್ತಿ ಬಸಿಯಲು ಬಿಡಿ. ಕೆಳಗಿನ ಮನೆಯವರಿಗೆ ಮೊದಲೇ ಹೇಳಿ.

ಪುಣೆಯ ಡಿಸೆಂಬರ್ ಚಳಿಯಲ್ಲಿ ಟೊಮೆಟೊ ಸಸಿಯ ಎಲೆಯಡಿ ನೇರಳೆ ಬಣ್ಣ ಬಂದರೆ ರಂಜಕ ಹಾಕಲು ಓಡಬೇಡಿ. ತಣ್ಣಗಿನ ಮಣ್ಣಿನಿಂದ ಬೇರು ಅದನ್ನು ಹೀರುತ್ತಿಲ್ಲ, ಬಿಸಿಲಿಗೆ ಸರಿಸಿದರೆ ಸಾಕು. ಟೊಮೆಟೊ ಕಾಯಿಯ ತಳ ಕಪ್ಪಾದರೆ ಕ್ಯಾಲ್ಸಿಯಂ ಕಾಯಿಗೆ ತಲುಪಿಲ್ಲ, ಸಾಮಾನ್ಯವಾಗಿ ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿದ್ದರಿಂದ. ನೀರನ್ನು ಹದಕ್ಕೆ ತನ್ನಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ವಾರ ಕಾಯಿರಿ. ಪೂರ್ತಿ ಹಳದಿಯಾದ ಹಳೆ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡಿ ಲೆಕ್ಕ ಹಾಕಬೇಡಿ. ಉಪಚಾರ ಮಾಡಿದ ದಿನ ಎಲ್ಲಕ್ಕಿಂತ ಮೇಲಿನ ಎಲೆಯ ತೊಟ್ಟಿಗೆ ಸಡಿಲವಾಗಿ ಒಂದು ಕೆಂಪು ದಾರ ಕಟ್ಟಿ, ದಿನಾಂಕ ಬರೆದಿಡಿ. ದಾರದ ಮೇಲೆ ಬಂದ ಎಲೆಗಳನ್ನಷ್ಟೇ ನೋಡಿ.